ಹಾಲುವಾಣದ ಎಲೆ ಗಂಟುಗಟ್ಟುತ್ತಿದೆ, ಊರವರು ಸೇರಿ ಉಳಿಸಬಹುದಾ?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಕಾಪು ಹತ್ತಿರದ ಹಳ್ಳಿ. ಗದ್ದೆ ಬದುವಿನಲ್ಲಿ, ತೋಟದ ಬೇಲಿಯಲ್ಲಿ, ನಾಗಬನದ ಅಂಚಿನಲ್ಲಿ ಮೊದಲೆಲ್ಲ ತುಂಬ ಹಾಲುವಾಣದ ಮರಗಳಿದ್ದವು. ಈಗ ಉಳಿದದ್ದು ಹತ್ತಿಪ್ಪತ್ತು. ಅವುಗಳ ಎಲೆಯೂ ಗಂಟುಗಂಟಾಗಿ ಮುರುಟುತ್ತಿದೆ. ಎರಡು ಮರ ಒಣಗಿಯೇ ಹೋದವು. ಇದು ಹೊರದೇಶದಿಂದ ಬಂದ ಕೀಟ ಎಂದು ಒಬ್ಬರು ಹೇಳಿದರು. ಯುವಕ ಮಂಡಲ ಮತ್ತು ಮಹಿಳಾ ಸ್ವಸಹಾಯ ಸಂಘದವರು ಸೇರಿ ಏನಾದರೂ ಮಾಡಬೇಕು ಅಂತಿದ್ದೇವೆ. ಔಷಧಿ ಹೊಡೆಸುವುದಾ? ಕಡಿದು ಬೇರೆ ಮರ ನೆಡುವುದಾ? ಹಣ್ಣೂ ಕೊಡದ, ಕಾಸೂ ತರದ ಮರಕ್ಕಾಗಿ ಜನ ಬರುತ್ತಾರಾ? ಬೇರೆ ಎಲ್ಲಾದರೂ ಹೀಗೆ ಉಳಿಸಿದ್ದಾರಾ?

ಉತ್ತರ: ನೀವು ಕಳಿಸಿದ ಫೋಟೋಗಳನ್ನು ನೋಡಿದೆ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮರ ಕಡಿಯಬೇಡಿ. ಔಷಧಿ ಹೊಡೆಸಬೇಡಿ. ಈ ಸಲ ಮಳೆ ಹಿಡಿಯುವ ಮೊದಲು ಬೀಜ ಹೆಕ್ಕಿ ಇಡಿ. ಉಳಿದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಈ ವಿಷಯದಲ್ಲಿ ಅವಸರ ಮಾಡಿ ಕೆಟ್ಟದ್ದೇ ಜಾಸ್ತಿ.

ಫೋಟೋದಲ್ಲಿರುವುದು ಗಂಟು ಕಣಜದ ಕೆಲಸ. ವಿಜ್ಞಾನದ ಹೆಸರು ಕ್ವಾಡ್ರಾಸ್ಟಿಕಸ್ ಎರಿತ್ರಿನೇ. ಕಣಜ ಅಂದ ಕೂಡಲೇ ಮಾಡಿನ ಕೆಳಗೆ ಗೂಡು ಕಟ್ಟಿ ಕುಟುಕುವ ಕಣಜ ನೆನಪಾಗುತ್ತದೆ ಅಲ್ವಾ? ಇದು ಅದಲ್ಲ. ಹೆಣ್ಣು ಸುಮಾರು ಒಂದೂವರೆ ಮಿಲಿಮೀಟರ್ ಉದ್ದ, ಸಾಸಿವೆ ಕಾಳಿನಷ್ಟು. ಗಂಡು ಇನ್ನೂ ಸಣ್ಣ. ಮನುಷ್ಯರ ತಂಟೆಗೆ ಬರುವುದಿಲ್ಲ. ಅದಕ್ಕೆ ಬೇಕಾದ್ದು ಹಾಲುವಾಣದ ಎಳೆ ಚಿಗುರು ಮಾತ್ರ. ಚಿಗುರಿನ ಒಳಗೆ ಮೊಟ್ಟೆ ಇಡುತ್ತದೆ. ಮರಿಹುಳ ಒಳಗೇ ಬೆಳೆಯುವಾಗ ಗಿಡದ ಆ ಭಾಗ ಊದಿ ಗಂಟಾಗುತ್ತದೆ.

ಅನುಮಾನ ಉಳಿಯಬಾರದು ಅಂದರೆ ಒಂದು ಕೆಲಸ ಮಾಡಿ. ಎಲೆಯ ತೊಟ್ಟಿನಲ್ಲಿ ಊದಿಕೊಂಡ ಗಂಟೊಂದನ್ನು ಕಿತ್ತು ಬ್ಲೇಡಿನಿಂದ ಅಡ್ಡ ಸೀಳಿ. ಅಂಗಳದ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿ, ಇಲ್ಲವೇ ಮೊಬೈಲಿನ ಕ್ಯಾಮೆರಾವನ್ನು ಹತ್ತಿರ ತಂದು ದೊಡ್ಡದು ಮಾಡಿ ನೋಡಿ. ಹಸಿರು ತಿರುಳಿನ ನಡುವೆ ಸಣ್ಣ ಸಣ್ಣ ಕೋಣೆಗಳು ಕಾಣುತ್ತವೆ. ಒಂದೊಂದರಲ್ಲೂ ಕಾಲಿಲ್ಲದ ಒಂದು ಬಿಳಿ ಹುಳ ಮುದುಡಿಕೊಂಡು ಸುಮ್ನೆ ಮಲಗಿರುತ್ತದೆ. ಗಂಟಿನ ಹೊರಮೈಯಲ್ಲಿ ಗುಂಡುಸೂಜಿ ಚುಚ್ಚಿದ ಹಾಗೆ ತೂತುಗಳಿದ್ದರೆ ಅಲ್ಲಿನ ಕಣಜ ಆಗಲೇ ಹಾರಿಹೋಗಿದೆ. ಮೊಟ್ಟೆ ಇಟ್ಟಲ್ಲಿಂದ ಹಾರುವವರೆಗೆ ಸುಮಾರು 20 ದಿನ. ಒಂದು ಹೆಣ್ಣಿನ ಹೊಟ್ಟೆಯಲ್ಲಿ 300ರಷ್ಟು ಮೊಟ್ಟೆಗಳಿರುತ್ತವೆ. ಈ 20 ದಿನದ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಲುವಾಣದ ಕುಡಿಯನ್ನು ಕೊರೆಯುವ ಒಂದು ಹುಳವೂ ಇದೆ. ಅದು ಬಂದರೆ ಕುಡಿ ಬಾಡಿ ಜೋತು ಬೀಳುತ್ತದೆ, ತೂತಿನ ಬಾಯಲ್ಲಿ ಹುಡಿಯಂಥ ಹಿಕ್ಕೆ ಇರುತ್ತದೆ, ಗಂಟು ಇರುವುದಿಲ್ಲ. ಎರಡನ್ನೂ ಒಂದೇ ಅಂತ ತಿಳಿಯಬೇಡಿ.

ಈ ಕಣಜದ ತವರು ಪೂರ್ವ ಆಫ್ರಿಕ. ಅಲ್ಲಿ ಇದನ್ನು ತಿನ್ನುವ ಬೇರೆ ಕೀಟಗಳು ಇರುವುದರಿಂದ ಹದ್ದುಬಸ್ತಿನಲ್ಲಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಿಂಗಾಪುರ, ಮಾರಿಷಸ್ ಮತ್ತು ರೀಯೂನಿಯನ್ ದ್ವೀಪಗಳಲ್ಲಿ ಹಾಲುವಾಣ ಸಾಯತೊಡಗಿದ ಮೇಲೆ 2004ರಲ್ಲಿ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟರು. 2005ರಲ್ಲಿ ಹವಾಯಿ ಮುಟ್ಟಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೇರಳದಲ್ಲಿ ಒಳ್ಳೆಮೆಣಸಿನ ಬಳ್ಳಿ ಹಬ್ಬಿಸಿದ್ದ ಮರಗಳಲ್ಲಿ ಕಾಣಿಸಿಕೊಂಡಿತು, ಆಮೇಲೆ ಕರ್ನಾಟಕಕ್ಕೂ ಬಂತು. 2006ರಲ್ಲಿ ಅಮೆರಿಕದ ಫ್ಲೋರಿಡಾ. ಇಷ್ಟು ಸಣ್ಣ ಹುಳ ಇಷ್ಟು ದೂರ ತಾನೇ ಹಾರಿ ಹೋಗುವುದಿಲ್ಲ. ಗಾಳಿ ಸ್ವಲ್ಪ ದೂರ ಒಯ್ಯುತ್ತದೆ, ಉಳಿದ ದಾರಿಯನ್ನು ಮನುಷ್ಯರೇ ದಾಟಿಸುತ್ತೇವೆ. ಎಳೆ ಚಿಗುರಿರುವ ಗೂಟ, ನರ್ಸರಿ ಗಿಡ, ಸೊಪ್ಪಿನ ಹೊರೆ, ಇವೇ ಅದರ ವಾಹನ.

ಕಾಸು ತರದ ಮರ ಅಂದಿರಿ. ಆ ಮಾತು ನನಗೆ ಸ್ವಲ್ಪ ಚುಚ್ಚಿತು. ಯಾಕೆ ಅಂತ ಹೇಳುತ್ತೇನೆ.

ತುಳುವರು ಪೊಂಗಾರೆ ಅಂತಾರೆ, ಕೊಂಕಣಿಯವರು ಪಾಂಗಾರೊ. ಆಯುರ್ವೇದದ ಪಾರಿಭದ್ರ ಇದೇ ಮರ. ನಾನು ಬೆಳೆದ ಮನೆಯಲ್ಲಿ ಕಂಪೌಂಡು ಇರಲಿಲ್ಲ, ಹಾಲುವಾಣದ ಸಾಲೇ ಕಂಪೌಂಡು. ಮುಳ್ಳಿದ್ದ ಕಾರಣ ದನ ನುಗ್ಗುತ್ತಿರಲಿಲ್ಲ. ಅದರ ಮೇಲೆ ಒಳ್ಳೆಮೆಣಸಿನ ಬಳ್ಳಿ, ಇನ್ನೊಂದರ ಮೇಲೆ ವೀಳ್ಯದೆಲೆ. ಸವರಿದ ಸೊಪ್ಪು ಹಟ್ಟಿಗೆ, ಹಟ್ಟಿಯಿಂದ ಗೊಬ್ಬರವಾಗಿ ಗದ್ದೆಗೆ. ಅವರೆ, ಹೆಸರಿನ ಕುಲದ ಮರವಾದ್ದರಿಂದ ಬೇರಿನಲ್ಲೇ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತದೆ. ಅಜ್ಜಿ ಎಳೆ ಎಲೆಯನ್ನು ಅಕ್ಕಿಯ ಜೊತೆ ಅರೆದು ದೋಸೆ ಹೊಯ್ಯುತ್ತಿದ್ದರು. ಬಾಣಂತಿಗೆ ಹಾಲು ಹೆಚ್ಚಲಿ ಅಂತ ಆ ದೋಸೆಯನ್ನು ಮೊದಲು ಅವಳ ಬಟ್ಟಲಿಗೇ ಹಾಕುತ್ತಿದ್ದರು. ಇನ್ನು ಫೆಬ್ರವರಿ, ಮಾರ್ಚಿನಲ್ಲಿ ಎಲೆಯೆಲ್ಲ ಉದುರಿ ಕೆಂಪು ಹೂ ಬಿಡುತ್ತದಲ್ಲ, ಆಗ ಬೆಳಗ್ಗೆ ಏಳು ಗಂಟೆಗೆ ಆ ಮರದ ಕೆಳಗೆ ನಿಂತು ನೋಡಿ. ಸೂರಕ್ಕಿ, ಮೈನಾ, ಕಾಜಾಣ, ಗಿಳಿ, ಕಾಗೆ, ಎಲ್ಲವೂ ಒಂದೇ ಮರದಲ್ಲಿ. ಬಿಸಿಲು ಏರುವ ಕಾಲದಲ್ಲಿ ಅಷ್ಟು ಮಕರಂದ ಕೊಡುವ ಮರ ನಮ್ಮ ಊರುಗಳಲ್ಲಿ ತುಂಬ ಇಲ್ಲ.

ಆದರೂ ಇದನ್ನು ಕೇಳುವವರಿಲ್ಲ. ಇಲ್ಲಿ ತೆಂಗಿನ ಮಾತು ನೆನಪಾಗುತ್ತದೆ. 2016ರಲ್ಲಿ ಪೊಳ್ಳಾಚಿ ಕಡೆಯಿಂದ ಶುರುವಾದ ಸುರುಳಿ ಬಿಳಿನೊಣ ನಮ್ಮ ಕರಾವಳಿಯ ತೆಂಗಿಗೂ ಬಂತು. ಗರಿಯ ಅಡಿಯಲ್ಲಿ ಬಿಳಿ ಮೇಣದ ಸುರುಳಿ, ಮೇಲೆ ಮಸಿ ಬಳಿದ ಹಾಗೆ ಕಪ್ಪು. ಅದೂ ಹೊರಗಿನ ಕೀಟವೇ. ಆದರೆ ತೆಂಗು ಬೆಳೆ. ಹಾಗಾಗಿ ಕೃಷಿ ವಿಜ್ಞಾನ ಕೇಂದ್ರದವರು ಬಂದರು, ಕಾಸರಗೋಡಿನ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ಬಂದರು, ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಅದಕ್ಕೆ ರೋಗ ತರುವ ಶಿಲೀಂಧ್ರವನ್ನು ಕೊಟ್ಟರು. ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಡುವ ಎನ್‌ಕಾರ್ಸಿಯಾ ಎಂಬ ಇನ್ನೊಂದು ಸಣ್ಣ ಕಣಜ ತಾನಾಗಿಯೇ ಹರಡಿಕೊಂಡಿತು. ವಿಷ ಹೊಡೆದರೆ ಆ ಮಿತ್ರಕೀಟ ಮೊದಲು ಸಾಯುತ್ತದೆ, ಹೊಡೆಯಬೇಡಿ ಅಂತ ತಜ್ಞರು ಊರೂರಿಗೆ ಹೋಗಿ ಹೇಳಿದರು. ಹಾಲುವಾಣಕ್ಕೆ ಅಂಥ ಬಂಧುಬಳಗ ಇಲ್ಲ. ಬೆಳೆ ವಿಮೆಯ ಪಟ್ಟಿಯಲ್ಲಿ ಇಲ್ಲ, ಮಾರುಕಟ್ಟೆಯ ದರಪಟ್ಟಿಯಲ್ಲಿ ಇಲ್ಲ. ಅದಕ್ಕೆ ಇರುವುದು ನೀವೇ, ಅದರ ನೆರಳಿನ ಪಕ್ಕದಲ್ಲಿ ಬದುಕುವ ಊರಿನವರು.

ಬೇರೆ ಎಲ್ಲಾದರೂ ಉಳಿಸಿದ್ದಾರಾ ಅಂತ ಕೇಳಿದ್ದೀರಿ. ಹವಾಯಿಯಲ್ಲಿ ಉಳಿಸಿದ್ದಾರೆ. ಆ ಕಥೆ ನಿಮಗೆ ಉಪಯೋಗಕ್ಕೆ ಬರುತ್ತದೆ.

ಅಲ್ಲಿ ನಮ್ಮ ಹಾಲುವಾಣದ ತಂಗಿಯಂಥ ಒಂದು ಮರ ಇದೆ, ವಿಲಿವಿಲಿ. ಜಗತ್ತಿನಲ್ಲಿ ಹವಾಯಿ ದ್ವೀಪಗಳಲ್ಲಿ ಮಾತ್ರ ಬೆಳೆಯುತ್ತದೆ, ಅದೂ ಮಳೆ ಕಡಿಮೆ ಇರುವ ತಗ್ಗಿನ ಕಾಡುಗಳಲ್ಲಿ. ಮರ ತುಂಬ ಹಗುರ. ಹಳೆಯ ಕಾಲದಲ್ಲಿ ಅಲ್ಲಿನವರು ಅದರಿಂದ ಅಲೆಯ ಮೇಲೆ ಜಾರುವ ಹಲಗೆ, ದೋಣಿಯ ಪಕ್ಕಕ್ಕೆ ಕಟ್ಟುವ ತೇಲುಮರ, ಬಲೆಯ ತೇಲುಗಳನ್ನು ಮಾಡುತ್ತಿದ್ದರು. ಕೆಂಪು ಬೀಜಗಳನ್ನು ಪೋಣಿಸಿ ಹಾರ ಮಾಡುತ್ತಿದ್ದರು. ಅಂದರೆ ನಮ್ಮಲ್ಲಿ ಇದ್ದ ಹಾಗೆಯೇ, ಜನರ ಕೈಗೆ ಹತ್ತಿರದ ಮರ. 2005ರ ಏಪ್ರಿಲಿನಲ್ಲಿ ಒವಾಹು ದ್ವೀಪದಲ್ಲಿ ಗಂಟು ಕಣಜ ಕಾಣಿಸಿತು. ಕೆಲವೇ ತಿಂಗಳಲ್ಲಿ ಉಳಿದ ದ್ವೀಪಗಳಿಗೆ ಹಬ್ಬಿತು. ಬೀದಿಬದಿಯಲ್ಲಿ, ಗಾಳಿತಡೆಗೆ ಅಂತ ನೆಟ್ಟಿದ್ದ ನಮ್ಮ ಜಾತಿಯ ಹಾಲುವಾಣಗಳು ಸಾಲುಸಾಲಾಗಿ ಸತ್ತವು. ಕಾಡಿನ ವಿಲಿವಿಲಿಯೂ ಎಲೆ ಕಳೆದುಕೊಂಡಿತು. ಇನ್ನು ಇದರ ಕಥೆ ಮುಗಿಯಿತು ಅಂತ ಎಷ್ಟೋ ಜನ ಅಂದುಕೊಂಡರು.

ಆಗ ಅವರು ಎರಡು ಕೆಲಸಗಳನ್ನು ಒಟ್ಟಿಗೇ ಶುರು ಮಾಡಿದರು. ಒಂದು, ಬೀಜ. ಮರ ಇರುವಾಗಲೇ ಬೇರೆ ಬೇರೆ ದ್ವೀಪಗಳಿಂದ, ಬೇರೆ ಬೇರೆ ಮರಗಳಿಂದ ಬೀಜ ಸಂಗ್ರಹಿಸಿ ಬೀಜ ಭಂಡಾರಗಳಲ್ಲಿ ಇಟ್ಟರು. ಮರ ಸತ್ತರೂ ವಂಶ ಉಳಿಯಬೇಕು ಅಂತ. ಇನ್ನೊಂದು, ವಿಜ್ಞಾನಿಗಳು ಆಫ್ರಿಕಕ್ಕೆ ಹೋಗಿ ಕಣಜದ ಶತ್ರುವನ್ನು ಹುಡುಕಿದರು. ಟಾಂಜಾನಿಯಾದಲ್ಲಿ ಯೂರಿಟೋಮಾ ಎಂಬ ಇನ್ನೊಂದು ಕಣಜ ಸಿಕ್ಕಿತು. ಅದರ ಮರಿ ಗಂಟಿನೊಳಗೆ ಒಂದು ಕೋಣೆಯ ಹುಳವನ್ನು ತಿಂದು, ಗೋಡೆ ಕೊರೆದು ಪಕ್ಕದ ಕೋಣೆಗೂ ಹೋಗುತ್ತದೆ. ಅದು ಬೇರೆ ಕೀಟಗಳಿಗೆ ತೊಂದರೆ ಮಾಡುವುದಿಲ್ಲ ಎಂದು ಮುಚ್ಚಿದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ, 2008ರ ನವೆಂಬರಿನಲ್ಲಿ ಬಿಟ್ಟರು. ವಿಲಿವಿಲಿ ಮತ್ತೆ ಎಲೆ ಬಿಟ್ಟಿತು. ಪೂರ್ತಿ ಗುಣವಾಯಿತು ಅಂತಲ್ಲ, ಹೂವಿಗೆ ಮತ್ತು ಎಳೆ ಕೋಡಿಗೆ ಕಾಟ ಆಮೇಲೂ ಇತ್ತು. ಆದರೆ ಮರ ಸಾಯುವುದು ಕಡಿಮೆಯಾಯಿತು. ವೈಕೊಲೋವ ಎಂಬಲ್ಲಿನ ಒಣಕಾಡಿನಲ್ಲಿ ಸ್ವಯಂಸೇವಕರು, ಶಾಲೆ ಮಕ್ಕಳು ಬಂದು ವಿಲಿವಿಲಿ ಸಸಿ ನೆಟ್ಟು ಕಾಡು ಕಟ್ಟುತ್ತಿದ್ದಾರೆ.

ಇದರಲ್ಲಿ ಶತ್ರುಕೀಟ ತರುವ ಕೆಲಸ ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಹೊರದೇಶದ ಜೀವಿಯನ್ನು ತರಲು ಕೇಂದ್ರ ಸರ್ಕಾರದ ಅನುಮತಿ, ಪರೀಕ್ಷೆ, ಕಾಯುವಿಕೆ ಎಲ್ಲ ಬೇಕು, ಬೇಕಾದ್ದೇ. ನಮ್ಮ ದೇಶ ಅದನ್ನು ಮಾಡದೆ ಇದ್ದದ್ದೇನಲ್ಲ. ಪಪ್ಪಾಯಿಯ ಹಿಟ್ಟು ತಿಗಣೆಗೆ 2010ರಲ್ಲಿ ಪೋರ್ಟೊ ರಿಕೊದಿಂದ ಮಿತ್ರಕೀಟ ತರಿಸಿ ಬಿಟ್ಟು ಗೆದ್ದಿದ್ದಾರೆ. ಆದರೆ ಬೀಜ ಉಳಿಸುವ ಕೆಲಸಕ್ಕೆ ಯಾರ ಅನುಮತಿಯೂ ಬೇಡ. ಅದನ್ನು ಊರೇ ಮಾಡಬೇಕು.

ಔಷಧಿ ಯಾಕೆ ಬೇಡ ಅಂದೆ ಅಂದರೆ, ಹುಳ ಗಂಟಿನ ಒಳಗಿದೆ, ಮೇಲೆ ಹೊಡೆದದ್ದು ಅದಕ್ಕೆ ತಾಗುವುದಿಲ್ಲ. ತಾಗಬೇಕಾದರೆ ಮರದ ರಸದಲ್ಲೇ ಸೇರುವ ವಿಷವನ್ನು ಕಾಂಡಕ್ಕೆ ಚುಚ್ಚಬೇಕು. ಹವಾಯಿಯಲ್ಲಿ ಕೆಲವು ಮರಗಳಿಗೆ ಹಾಗೆ ಮಾಡಿದ್ದೂ ಇದೆ. ಆದರೆ ಆ ವಿಷ ಎಲೆಗೂ ಹೋಗುತ್ತದೆ, ಹೂವಿನ ಮಕರಂದಕ್ಕೂ ಹೋಗುವ ಅಪಾಯ ಇದೆ. ನಿಮ್ಮ ಊರಲ್ಲಿ ಆ ಎಲೆಯನ್ನು ದನ ತಿನ್ನುತ್ತದೆ, ಕೆಲವು ಮನೆಯಲ್ಲಿ ಬಾಣಂತಿಯೂ ತಿನ್ನುತ್ತಾಳೆ. ಹೂವಿಗೆ ಜೇನು, ಸೂರಕ್ಕಿ ಬರುತ್ತವೆ. ಮಣ್ಣಿಗೆ ಸುರಿದರೂ ಕಷ್ಟವೇ. ನಮ್ಮದು ಮುರಕಲ್ಲಿನ ನೆಲ, ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಮನೆಗೊಂದು ಬಾವಿ. ಇಲ್ಲಿ ಸುರಿದದ್ದು ಅಲ್ಲಿ ಸೇರುತ್ತದೆ.

ಹಾಗಾದರೆ ಸೊಪ್ಪು ಪೂರ್ತಿ ಸವರಿ ಸುಟ್ಟುಬಿಡೋಣ ಅಂತ ಹೆಚ್ಚಿನವರಿಗೆ ಅನಿಸುತ್ತದೆ. ಇಲ್ಲೇ ಎಡವುವುದು. ಮರವನ್ನು ಬೋಳು ಮಾಡಿದರೆ ಅದು ಕೂಡಲೇ ಮೈತುಂಬ ಹೊಸ ಚಿಗುರು ಬಿಡುತ್ತದೆ. ಕಣಜಕ್ಕೆ ಬೇಕಾದ್ದೂ ಅದೇ ಚಿಗುರು. ಪಕ್ಕದ ಮನೆಯ ಮರದಲ್ಲಿ ಕಣಜ ಇದ್ದರೆ ನೀವು ಅದಕ್ಕೆ ಎಲೆ ಹಾಕಿ ಊಟ ಬಡಿಸಿದ ಹಾಗಾಯಿತು. ಯೂರಿಯಾ ಸುರಿದು ಚಿಗುರಿಸುವುದೂ ಹೀಗೆಯೇ.

ನಾನು ಹೇಳುವ ಕ್ರಮ ಇಷ್ಟು. ಹೂ ಮುಗಿದು ಚಿಗುರು ಬರಲು ಶುರುವಾದಲ್ಲಿಂದ ಮಳೆ ಹಿಡಿಯುವವರೆಗೆ, ಹದಿನೈದು ದಿನಕ್ಕೊಮ್ಮೆ, ಎಲ್ಲ ಮನೆಯವರೂ ಒಂದೇ ಭಾನುವಾರ ಗಂಟು ಬಂದ ಕುಡಿಗಳನ್ನಷ್ಟೇ ಕತ್ತರಿಸಬೇಕು. 20 ದಿನದ ಲೆಕ್ಕ ನೆನಪಿದೆಯಲ್ಲ, ಹದಿನೈದು ದಿನಕ್ಕೆ ಕತ್ತರಿಸಿದರೆ ಹೊಸ ಗಂಟಿನೊಳಗಿನ ಹುಳಕ್ಕೆ ಹಾರಲು ಸಮಯ ಸಿಗುವುದಿಲ್ಲ. ಒಬ್ಬರು ಈ ವಾರ, ಇನ್ನೊಬ್ಬರು ಮುಂದಿನ ತಿಂಗಳು ಮಾಡಿದರೆ ಏನೂ ಪ್ರಯೋಜನ ಇಲ್ಲ, ಇವರ ಮರದಿಂದ ಅವರ ಮರಕ್ಕೆ ಹೋಗುತ್ತಲೇ ಇರುತ್ತದೆ. ಒಬ್ಬರ ಕೈಯಲ್ಲಿ ಆಗದ ಕೆಲಸ, ಹತ್ತು ಮನೆ ಸೇರಿದರೆ ಅರ್ಧ ದಿನದ್ದು. ಕತ್ತರಿಸಿದ ಕುಡಿಯನ್ನು ಬುಡದಲ್ಲಿ ರಾಶಿ ಹಾಕಬೇಡಿ. ಪ್ಲಾಸ್ಟಿಕ್ ಪದರ ಇರುವ ಗೊಬ್ಬರದ ಚೀಲಕ್ಕೆ ತುಂಬಿ ಅಲ್ಲೇ ಬಾಯಿ ಕಟ್ಟಿ. ಅದೇ ದಿನ ಬಚ್ಚಲ ಒಲೆಗೆ ಹಾಕಿ. ಬಚ್ಚಲ ಒಲೆ ಇಲ್ಲದ ಮನೆಯವರು ಕಟ್ಟಿದ ಚೀಲವನ್ನು ಎರಡು ವಾರ ಖಡಕ್ ಬಿಸಿಲಿಗೆ ಇಟ್ಟರೂ ಆಯಿತು, ಬಾಯಿ ಮಾತ್ರ ಬಿಚ್ಚಬಾರದು.

ದೊಡ್ಡ ಮರಗಳ ತುದಿ ಕೈಗೆ ಎಟುಕುವುದಿಲ್ಲ. ದೋಟಿ ಎಟುಕಿದಷ್ಟು ಸಾಕು. ದಯವಿಟ್ಟು ಹುಡುಗರನ್ನು ಮರ ಹತ್ತಿಸಬೇಡಿ. ಹಾಲುವಾಣದ ಕೊಂಬೆ ಟಿಸಕ್ಕೆಂದು ಮುರಿಯುತ್ತದೆ, ಮುಳ್ಳು ಬೇರೆ. ಇದರಿಂದ ಕಣಜ ಊರು ಬಿಟ್ಟು ಹೋಗುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಅದು ಇನ್ನು ಇಲ್ಲಿರುವುದೇ. ಎಳೆಯ ಮರಗಳ ಮೇಲಿನ ಭಾರ ಕಡಿಮೆಯಾಗುತ್ತದೆ, ಅವು ಉಸಿರು ಹಿಡಿದುಕೊಳ್ಳುತ್ತವೆ, ಅಷ್ಟೆ. ಆ ಅಷ್ಟಕ್ಕೆ ಬೆಲೆ ಇದೆ.

ಈಗ ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ, ನೀವು ಅದನ್ನು ಮಾಡಬಾರದು. ಸುಮಾರು ವರ್ಷಗಳ ಹಿಂದೆ ಕಾರ್ಕಳ ಕಡೆಯ ಒಂದು ಊರಲ್ಲಿ ಹಾಲುವಾಣದ ಬೇಲಿ ಮತ್ತೆ ಕಟ್ಟಲು ಹೊರಟೆವು. ಒಂದು ಚಂದದ ಮರ ಸಿಕ್ಕಿತು, ಮುಳ್ಳು ಕಡಿಮೆ, ನೇರ ಕೊಂಬೆಗಳು. ಅದೊಂದರಿಂದಲೇ ನಲ್ವತ್ತು ಗೂಟ ಕಡಿದು ಮೊದಲ ಮಳೆಗೆ ನೆಟ್ಟೆವು. ಎಲ್ಲವೂ ಬದುಕಿದವು, ಎಲ್ಲರೂ ಖುಷಿ. ಮುಂದಿನ ಬೇಸಿಗೆಗೆ ಕಣಜ ಬಂತು. ನಲ್ವತ್ತಕ್ಕೆ ನಲ್ವತ್ತೂ ಒಂದೇ ಥರ ಮುರುಟಿದವು. ಗೂಟದಿಂದ ಬೆಳೆದ ಮರ ಅಂದರೆ ಅದೇ ಮರದ ಇನ್ನೊಂದು ಮೈ. ತಾಯಿಗೆ ತಾಳುವ ಶಕ್ತಿ ಇಲ್ಲದಿದ್ದರೆ ನಲ್ವತ್ತಕ್ಕೂ ಇಲ್ಲ. ಆ ಮನೆಯ ಅಮ್ಮ ಒಂದು ಮಾತೂ ಬೈಯಲಿಲ್ಲ. "ಬೇಲಿ ಪುನಃ ಕಟ್ಟಬಹುದು, ನೀವು ಚಾ ಕುಡಿಯಿರಿ" ಅಂದರು. ಅಂದಿನಿಂದ ನಾನು ಯಾರಿಗೂ ಬೀಜ ಬಿಟ್ಟು ಗೂಟ ಮಾತ್ರ ನೆಡಿ ಅಂತ ಹೇಳಿಲ್ಲ.

ಬೀಜದಿಂದ ಬಂದ ಸಸಿಗಳು ಒಂದರ ಹಾಗೆ ಒಂದು ಇರುವುದಿಲ್ಲ. ನಿಮ್ಮ ಬದುವಿನಲ್ಲೇ ನೋಡಿ, ಒಂದು ಮರ ಪೂರ್ತಿ ಗಂಟುಗಟ್ಟಿರುವಾಗ ಹತ್ತು ಮಾರು ದೂರದ ಇನ್ನೊಂದರಲ್ಲಿ ಅರ್ಧ ಎಲೆ ಸರಿ ಇರಬಹುದು. ಅಂಥ ಮರ ಸಿಕ್ಕರೆ ಅದೇ ನಿಮ್ಮ ತಾಯಿಮರ. ಐದಾರು ತಾಯಿಮರಗಳನ್ನು ಹುಡುಕಿ, ಸಾಧ್ಯವಾದರೆ ಬೇರೆ ಬೇರೆ ವಾರ್ಡಿನವು. ಅವಕ್ಕೆ ಬಿಳಿ ಬಣ್ಣದ ಪಟ್ಟಿ ಬಳಿಯಿರಿ. ಅವುಗಳ ಸೊಪ್ಪು ಯಾರೂ ಸವರಬಾರದು, ಗಂಟು ಬಂದ ಕುಡಿ ತೆಗೆಯುವುದು ಬಿಟ್ಟು. ಹೂ ಬಿಟ್ಟರೆ ತಾನೇ ಬೀಜ?

ಕೋಡು ಒಣಗಿ ಕಪ್ಪಾದ ಮೇಲೆ ಕೀಳಿ. ಮಣಿ ಪೋಣಿಸಿದ ಹಾಗೆ ಬೀಜ ಇದ್ದಲ್ಲಿ ಉಬ್ಬು, ಇಲ್ಲದಲ್ಲಿ ತಗ್ಗು. ಒಳಗೆ ಅವರೆ ಬೀಜದ ಆಕಾರದ ಕಡುಗೆಂಪು ಬೀಜ. ತೂತಿರುವುದು, ಸುಕ್ಕಾದದ್ದು ಬೇಡ. ಎರಡು ದಿನ ನೆರಳಲ್ಲಿ ಒಣಗಿಸಿ, ಗಾಜಿನ ಬಾಟಲಿಗೆ ಹಾಕಿ, ಯಾವ ಮರದ್ದು ಅಂತ ಚೀಟಿ ಬರೆದು ಅಂಟಿಸಿ. ಚೀಟಿ ಮರೆಯಬೇಡಿ. ಈ ಬೀಜ ವಿಷ, ಬಣ್ಣ ಚಂದ ಇದೆ ಅಂತ ಸಣ್ಣ ಮಕ್ಕಳು ಬಾಯಿಗೆ ಹಾಕಬಾರದು, ಬಾಟಲಿಯನ್ನು ಅಟ್ಟದ ಮೇಲಿಡಿ. ಅರ್ಧದಷ್ಟು ಬೀಜ ಈ ವರ್ಷ ಬಿತ್ತಿ, ಅರ್ಧ ಹಾಗೇ ಇರಲಿ. ಸಿಪ್ಪೆ ಗಟ್ಟಿ, ನೀರು ಇಳಿಯುವುದಿಲ್ಲ. ಬೀಜದ ಕಣ್ಣಿನ ಎದುರು ಬದಿಯನ್ನು ಒರಟು ಕಲ್ಲಿಗೆ ನಾಲ್ಕು ಸಲ ಉಜ್ಜಿ, ರಾತ್ರಿಯಿಡೀ ನೀರಲ್ಲಿ ನೆನೆಸಿ. ಬೆಳಗ್ಗೆ ಉಬ್ಬಿದ್ದನ್ನು ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಒಂದು ಇಂಚು ಆಳಕ್ಕೆ ಹಾಕಿದರೆ ಎಂಟು ಹತ್ತು ದಿನಕ್ಕೆ ಮೊಳಕೆ. ಸಸಿಗಳ ಮೇಲೆ ಸೊಳ್ಳೆಪರದೆ ಕಟ್ಟಿದರೆ ಸಾಲದು, ಕಣಜ ಆ ಕಣ್ಣಿನಲ್ಲಿ ನುಸುಳುತ್ತದೆ. ಹಳೆಯ ತೆಳು ವಾಯಲ್ ಸೀರೆ ಒಳ್ಳೆಯದು. ಸ್ವಸಹಾಯ ಸಂಘದವರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ದಿನಾ ನೀರು ಹಾಕುವ ಕೈ ಬೇಕು ನೋಡಿ.

ಗೂಟ ನೆಡಲೇಬೇಕು ಅನ್ನುವವರು ಬೇರೆ ಬೇರೆ ಮರಗಳಿಂದ ಕಡಿಯಿರಿ. ಮಾರ್ಚ್, ಏಪ್ರಿಲಿನಲ್ಲಿ ಕಡಿದು ನೆರಳಲ್ಲಿ ನಿಲ್ಲಿಸಿದರೆ ಮೇ ಹೊತ್ತಿಗೆ ಚಿಗುರುತ್ತದೆ. ಆ ಚಿಗುರಿನಲ್ಲಿ ಗಂಟು ಬಂದರೆ ಆ ಗೂಟ ಬಚ್ಚಲ ಒಲೆಗೆ, ಬರದಿದ್ದರೆ ಗುಂಡಿಗೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಜನ ಬರುತ್ತಾರಾ? ಮೊದಲ ದಿನ ಬರುತ್ತಾರೆ. ಫೋಟೋ ತೆಗೆಯುತ್ತಾರೆ. ಮೂರನೇ ಭಾನುವಾರ ಆರು ಜನ ಇರುತ್ತೀರಿ. ಬೇಸರ ಮಾಡಿಕೊಳ್ಳಬೇಡಿ, ಆರು ಜನ ಸಾಕು. ಆದರೆ ಆ ಆರು ಜನ ಬೇರೆ ಬೇರೆ ಕಡೆಯವರಿರಲಿ. ಎಲ್ಲರೂ ಒಂದೇ ಬದಿಯ ಮನೆಯವರಾದರೆ ಇನ್ನೊಂದು ಬದಿಯ ಮರ ನೋಡುವವರಿಲ್ಲ.

ಜನರನ್ನು ತರಲು ಕೀಟದ ಮಾತಿಗಿಂತ ಮರದ ಮಾತು ಒಳ್ಳೆಯದು. ನಾನು ಕಂಡ ಹಾಗೆ, ಹುಳದ ದೊಡ್ಡ ಚಿತ್ರ ತೋರಿಸಿದ ಸಭೆಯಲ್ಲಿ ಜನ ಕೇಳಿದ್ದು "ಯಾವ ಔಷಧಿ?" ಅಂತ ಮಾತ್ರ. ಅದೇ ಹಾಲುವಾಣದ ದೋಸೆ ಗೊತ್ತಾ ಅಂತ ಕೇಳಿದಾಗ ಹಿಂದಿನ ಸಾಲಿನ ಅಜ್ಜಿಯರು ಮಾತಾಡಲು ಶುರು ಮಾಡಿದರು. ಯಾರ ಮನೆಯಲ್ಲಿ ಮರ ಎಲ್ಲಿತ್ತು, ಯಾವಾಗ ಹೋಯಿತು, ಯಾವ ರಸ್ತೆ ಅಗಲ ಮಾಡುವಾಗ ಕಡಿದರು, ಎಲ್ಲ ಅವರಿಗೆ ಗೊತ್ತು. ಅರ್ಧ ಗಂಟೆಯಲ್ಲಿ ಊರಿನ ಹಾಲುವಾಣದ ನಕ್ಷೆಯೇ ಆಯಿತು. ನಿಮ್ಮ ಊರಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಹಳೆಯ ಅಡುಗೆಗಳನ್ನು ಮಾಡಿ ಬಡಿಸುವ 'ಆಟಿಡೊಂಜಿ ದಿನ' ಮಾಡುತ್ತೀರಿ ಅಲ್ವಾ? ತಜಂಕ್, ತಿಮರೆ, ಪತ್ರೊಡೆಗಳ ಜೊತೆ ಒಂದು ಮೇಜಿನಲ್ಲಿ ಹಾಲುವಾಣದ ದೋಸೆಯನ್ನೂ ಇಡಿ. ಪಕ್ಕದಲ್ಲೇ ಸಸಿಯ ತೊಟ್ಟೆಗಳನ್ನೂ ಇಡಿ. ತಿಂದವರು ಒಂದೊಂದು ಒಯ್ಯಲಿ, ಯಾರು ಎಲ್ಲಿ ನೆಟ್ಟರು ಅಂತ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಸಸಿಗೆ ಗಂಟಿಲ್ಲ ಎಂದು ಎರಡು ಸಲ ನೋಡಿ ಕೊಡಿ, ಇಲ್ಲದಿದ್ದರೆ ನಾವೇ ಕಣಜ ಹಂಚಿದ ಹಾಗಾಗುತ್ತದೆ.

ನಾಗಬನದ ಮರಗಳ ವಿಷಯ ಸ್ವಲ್ಪ ಸೂಕ್ಷ್ಮ. ಅಲ್ಲಿ ಕತ್ತಿ ತಾಗಿಸಬಾರದು ಎಂಬ ಕಟ್ಟು ಇರುವ ಕಡೆ ದಯವಿಟ್ಟು ಅದನ್ನು ಮುರಿಯಬೇಡಿ. ಆ ಕಟ್ಟಿನಿಂದಲೇ ಇಷ್ಟು ಕಾಲ ಮರ ಉಳಿದದ್ದು. ಕುಟುಂಬದ ಯಜಮಾನರನ್ನು, ಪೂಜೆ ಮಾಡುವವರನ್ನು ಮೊದಲು ಕಂಡು ಮಾತಾಡಿ. ಕುಡಿ ತೆಗೆಯಲು ಒಪ್ಪದಿದ್ದರೂ ಬಿದ್ದ ಬೀಜ ಹೆಕ್ಕಲು ಬೇಡ ಅನ್ನಲಿಕ್ಕಿಲ್ಲ. ಬನದ ಸುತ್ತ ಸಿಮೆಂಟ್ ಹಾಕಿ ಚಂದ ಮಾಡುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಬಿಡಿಸಲು ಇದೇ ಒಳ್ಳೆಯ ಸಂದರ್ಭ. ಬನದಲ್ಲಿ ಮರ ಇಲ್ಲದಿದ್ದರೆ ನಾಗನಿಗೆ ತಂಪು ಎಲ್ಲಿಂದ?

ಪಂಚಾಯಿತಿಯ ಕಡೆಯಿಂದಲೂ ಒಂದು ದಾರಿ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮರ, ಪ್ರಾಣಿ, ನಾಟಿ ಜ್ಞಾನ ಎಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಆ ಪುಸ್ತಕ ತೆಗೆಸಿ ನೋಡಿ. ನಿಮ್ಮ ತಾಯಿಮರಗಳನ್ನು, ಅಜ್ಜಿಯರು ಹೇಳಿದ ಉಪಯೋಗಗಳನ್ನು ಅದರಲ್ಲಿ ಸೇರಿಸಿ ಅಂತ ಗ್ರಾಮಸಭೆಯಲ್ಲಿ ಕೇಳಿ. ನಾಳೆ ರಸ್ತೆಗೋ ಕಟ್ಟಡಕ್ಕೋ ಆ ಮರ ಅಡ್ಡ ಬಂದರೆ ತೋರಿಸಲು ಒಂದು ಕಾಗದ ಇರುತ್ತದೆ. ಜುಲೈಯ ವನಮಹೋತ್ಸವಕ್ಕೆ ಹೊರಗಿನ ಜಾತಿಯ ಸಸಿಗಳ ಬದಲು ನಿಮ್ಮ ಸಂಘದ ಹಾಲುವಾಣವನ್ನೇ ನೆಡಲಿ ಅಂತಲೂ ಕೇಳಿ.

ಇನ್ನೊಂದು ಸಣ್ಣ ಪ್ರಯೋಗ, ಇದನ್ನು ಶಾಲೆ ಮಕ್ಕಳಿಗೆ ಕೊಡಿ. ತೂತಿಲ್ಲದ ಹತ್ತು ಗಂಟುಗಳನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಒತ್ತು ನೇಯ್ಗೆಯ ಬಟ್ಟೆ ಬಿಗಿದು, ಮೂರು ವಾರ ದಿನಾ ನೋಡಲಿ. ಹೊರಬರುವ ಗಂಟು ಕಣಜದ ಹೆಣ್ಣು ಕಂದುಬಣ್ಣದ್ದು, ಮೈಮೇಲೆ ಹಳದಿ ಗುರುತು. ಗಂಡು ಮಾಸಲು ಹಳದಿ. ಬೇರೆ ಬಣ್ಣದ, ಲೋಹದ ಹಾಗೆ ಹೊಳೆಯುವ ಸಣ್ಣ ಕಣಜ ಬಂದರೆ ಜೋಪಾನ ಮಾಡಿ. ಅದು ಗಂಟಿನೊಳಗೆ ಹುಳವನ್ನು ತಿಂದು ಬೆಳೆದ ನಮ್ಮದೇ ಊರಿನ ಮಿತ್ರ ಇರಬಹುದು. ಬಾಟಲಿ ಸಮೇತ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಔಷಧಿ ಬೇಡ ಅನ್ನಲು ಇದೂ ಒಂದು ಕಾರಣ.

ಕೊನೆಗೆ, ಒಣಗಿಹೋದವು ಅಂದಿರಲ್ಲ, ಆ ಎರಡು ಮರಗಳು. ಅವನ್ನು ಕಡಿಯುವ ಮೊದಲು ಬುಡದಿಂದ ಒಂದಡಿ ಮೇಲೆ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಕೆಳಗೆ ಹಸಿರಿದ್ದರೆ, ಒದ್ದೆ ಇದ್ದರೆ, ಮರ ಸತ್ತಿಲ್ಲ. ಒಂದು ಮಳೆಗಾಲ ಹಾಗೇ ಬಿಡಿ, ಬುಡದಿಂದ ಚಿಗುರಬಹುದು. ಚಿಗುರಿದರೆ ಒಂದು ಫೋಟೋ ಕಳಿಸಿ.